ಬಳ್ಳಾರಿಯ ಬಿಸಿಲಲ್ಲಿ ಗಾಜಿನ ಭಟ್ಟಿ: ಬಿರುಕು ಬಿಡದಂತೆ ಗಾಜು ಬೆಸೆಯುವುದು ಹೇಗೆ?

ಚಿಕ್ಕವರಿದ್ದಾಗ ಮೇಣದಬತ್ತಿ ಹಚ್ಚಿ, ಒಡೆದ ಬಳೆಚೂರನ್ನು ಅದರ ಮೇಲೆ ಕಾಸಿ, ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡಿದ್ದು ನೆನಪಿದೆಯಾ? ಗಾಜು ಬಿಸಿಯಾದಂತೆ ಮೊದಲು ಮೆತ್ತಗಾಗುತ್ತದೆ, ಆಮೇಲೆ ಬಾಗುತ್ತದೆ, ಇನ್ನೂ ಬಿಸಿಯಾದರೆ ಅಂಟಿಕೊಳ್ಳುತ್ತದೆ. ಭಟ್ಟಿಯಲ್ಲಿ ಮಾಡುವ ಗಾಜಿನ ಕಲೆಯೂ ಇದೇ ಆಟ. ಆದರೆ ಇಲ್ಲಿ 830 ಡಿಗ್ರಿ ಶಾಖ ಬೇಕು, ಒಂದಿಡೀ ದಿನದ ತಾಳ್ಮೆ ಬೇಕು.

ನನ್ನ ಮೊದಮೊದಲ ಫಲಕಗಳಲ್ಲಿ ಒಂದನ್ನು ಬಳೆಚೂರಿನಿಂದಲೇ ಮಾಡಿದ್ದೆ. ಮನೆಯಲ್ಲಿ ಕೂಡಿಟ್ಟಿದ್ದ ಹಸಿರು ಬಳೆಯ ತುಂಡುಗಳನ್ನು ಕಿಟಕಿ ಗಾಜಿನ ಮೇಲೆ ಜೋಡಿಸಿ ಕರಗಿಸಿದೆ. ಭಟ್ಟಿಯಿಂದ ಹೊರಬಂದಾಗ ಎಷ್ಟು ಚೆನ್ನಾಗಿತ್ತು! ಎರಡು ದಿನ ಬಿಟ್ಟು ರಾತ್ರಿ ಟಿಕ್ ಅಂತ ಸದ್ದು. ಯಾರೂ ಮುಟ್ಟಿರಲಿಲ್ಲ. ಲೈಟ್ ಹಾಕಿ ನೋಡಿದರೆ ಬಿರುಕು ಎಲ್ಲೆಂದರಲ್ಲಿ ಹೋಗಿರಲಿಲ್ಲ. ಒಂದೊಂದು ಹಸಿರು ಚೂರಿನ ಅಂಚನ್ನೇ ಹಿಡಿದು, ಸೂಜಿಯಿಂದ ಗೀಟು ಎಳೆದ ಹಾಗೆ, ಸುತ್ತು ಹಾಕಿತ್ತು. ಗಾಜು ತಾನು ಯಾಕೆ ಒಡೆದೆ ಎಂದು ಬರೆದಿಟ್ಟಂತೆ ಇತ್ತು. ಆ ಬರಹ ಓದುವುದನ್ನು ಕಲಿತ ಮೇಲೆ ನನ್ನ ಕೆಲಸ ಬದಲಾಯಿತು. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಯಾವ ಗಾಜು?

ಕಲೆಗೆಂದೇ ತಯಾರಾಗುವ ಬಣ್ಣದ ಗಾಜಿನ ಮೇಲೆ 90 ಅಥವಾ 96 ಎಂಬ ನಂಬರ್ ಇರುತ್ತದೆ. ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆ ಎನ್ನುವುದರ ಲೆಕ್ಕ ಅದು. 90ರ ಗಾಜು, 96ರ ಗಾಜು ಬೆರೆಸುವಂತಿಲ್ಲ. ಒಂದು ಜಾಸ್ತಿ ಕುಗ್ಗುತ್ತದೆ, ಇನ್ನೊಂದು ಕಡಿಮೆ ಕುಗ್ಗುತ್ತದೆ, ಆರುವಾಗ ಒಂದನ್ನೊಂದು ಜಗ್ಗುತ್ತವೆ. ನನ್ನ ಬಳೆ ಫಲಕದಲ್ಲಿ ಆಗಿದ್ದು ಇದೇ. ನಂಬರ್ ಒಂದೇ ಇದ್ದರೂ ಬೇರೆ ಬೇರೆ ಕಂಪನಿಯ ಗಾಜನ್ನು ಪರೀಕ್ಷೆ ಮಾಡದೆ ಕೂಡಿಸಬೇಡಿ.

ನಾವು ಶುರು ಮಾಡಬೇಕಾದದ್ದು ಕಿಟಕಿ ಗಾಜಿನಿಂದ. ಬಳ್ಳಾರಿಯ ಯಾವ ಗ್ಲಾಸ್ ಅಂಗಡಿಯಲ್ಲಾದರೂ 4 ಮಿ.ಮೀ. ಸಾದಾ ಗಾಜಿನ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ನಾನು ಹೋಗುವ ಅಂಗಡಿಯಾತ ಮೊದಲ ಸಲ ಕೇಳಿದ್ದ, "ಅಕ್ಕಾ, ಈ ವೇಸ್ಟ್ ತಗೊಂಡು ಏನ್ ಮಾಡ್ತೀರಿ?" ಈಗ ಒಂದೇ ಶೀಟಿನ ತುಂಡುಗಳನ್ನು ತಾನೇ ಬೇರೆ ಎತ್ತಿಡುತ್ತಾನೆ. ಒಂದೇ ಶೀಟು ಅನ್ನುವುದು ಮುಖ್ಯ. ಎರಡು ಕಂಪನಿಯ ಕಿಟಕಿ ಗಾಜು ಕೂಡ ಸ್ವಲ್ಪ ಹೆಚ್ಚುಕಡಿಮೆ ಹಿಗ್ಗುತ್ತವೆ.

ಟಫನ್ ಗಾಜು (ಗಟ್ಟಿಯಾಗಲೆಂದು ಕಾಸಿ ತಟ್ಟನೆ ತಣಿಸಿದ ಗಾಜು) ಬೇಡವೇ ಬೇಡ, ಕತ್ತರಿಸಲು ಹೋದರೆ ಪುಡಿಪುಡಿಯಾಗುತ್ತದೆ. ಕನ್ನಡಿ, ಬಣ್ಣದ ಕೋಟಿಂಗ್ ಇರುವ ಗಾಜು, ಕಾರಿನ ಗಾಜು ಕೂಡ ಬೇಡ.

ಕಿಟಕಿ ಗಾಜಿಗೆ ಎರಡು ಮುಖ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಶೀಟು ಮಾಡುವ ಈ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಜಗತ್ತಿಗೆ ತಿಳಿಸಿತು. ತವರಕ್ಕೆ ತಾಗಿದ್ದ ಮುಖದಲ್ಲಿ ಅದರ ತೆಳು ಪದರ ಉಳಿದಿರುತ್ತದೆ. ಬಟ್ಟಲಿನ ಆಕಾರಕ್ಕೆ ಬಗ್ಗಿಸುವಾಗ ಆ ಮುಖ ಒಳಗಡೆ ಬಂದರೆ ಹೊಗೆ ಹಿಡಿದಂತೆ ಮಬ್ಬಾಗುತ್ತದೆ. ಶಾರ್ಟ್ ವೇವ್ ಯುವಿ ಲ್ಯಾಂಪ್ ಓರೆಯಾಗಿ ಹಿಡಿದರೆ ತವರದ ಮುಖ ಹಾಲುಬಣ್ಣಕ್ಕೆ ಹೊಳೆಯುತ್ತದೆ. ಲ್ಯಾಂಪನ್ನು ನೇರವಾಗಿ ನೋಡಬೇಡಿ. ಗುರುತು ಹಾಕಿಕೊಂಡು ಎಲ್ಲ ತುಂಡುಗಳಲ್ಲೂ ಆ ಮುಖ ಕೆಳಗೆ ಬರುವಂತೆ ಇಡಿ.

ಭಟ್ಟಿ ಮತ್ತು ಕರೆಂಟು

ಗಾಜಿನ ಭಟ್ಟಿಗೆ ಕಾಯಿಲ್ ಮುಚ್ಚಳದಲ್ಲಿದ್ದರೆ ಒಳ್ಳೆಯದು, ಶಾಖ ಮೇಲಿಂದ ಸಮನಾಗಿ ಬೀಳುತ್ತದೆ. ಮಣ್ಣಿನ ಪಾತ್ರೆ ಸುಡುವ ಕರೆಂಟ್ ಭಟ್ಟಿಯೂ ಆಗುತ್ತದೆ. ಅದರ ಕಾಯಿಲ್ ಪಕ್ಕದಲ್ಲಿರುವುದರಿಂದ ಗಾಜಿನ ಅಂಚು ಮೊದಲು ಕಾಯುತ್ತದೆ. ಹಾಗಾಗಿ ಗಾಜನ್ನು ಸರಿಯಾಗಿ ನಡುವೆ ಇಟ್ಟು, ಶಾಖವನ್ನು ಇನ್ನೂ ನಿಧಾನ ಏರಿಸಬೇಕು. ಹಂತ ಹಂತವಾಗಿ ಏರಿಸಿ ಇಳಿಸುವ ಡಿಜಿಟಲ್ ಕಂಟ್ರೋಲರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

3 ಕಿಲೋವಾಟ್ ಭಟ್ಟಿ 230 ವೋಲ್ಟಿನಲ್ಲಿ ಸುಮಾರು 13 ಆಂಪ್ ಎಳೆಯುತ್ತದೆ. ಮಿಕ್ಸಿ ಹಾಕುವ ಸಣ್ಣ ಪ್ಲಗ್ ಸಾಲದು. ದಪ್ಪ ವೈರಿನ ಬೇರೆ ಲೈನ್, ಅದಕ್ಕೆ ತನ್ನದೇ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಬೇಸಿಗೆಯ ಸಂಜೆ ಊರೆಲ್ಲ ಕೂಲರ್, ಎಸಿ ಹಾಕಿದಾಗ ವೋಲ್ಟೇಜ್ ಬೀಳುತ್ತದಲ್ಲ, ಅದರ ಪೆಟ್ಟು ಭಟ್ಟಿಗೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ ಶಾಖದ ಶಕ್ತಿ ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. 3 ಕಿಲೋವಾಟ್ ಭಟ್ಟಿ 2 ಕಿಲೋವಾಟಿನದಾಗಿ ಕೂರುತ್ತದೆ. 700 ಡಿಗ್ರಿ ದಾಟಿದ ಮೇಲೆ ಹೀಗಾದರೆ ಭಟ್ಟಿ ತೆವಳುತ್ತದೆ, ಗಾಜು ಮಸುಕಾಗುತ್ತದೆ. ಅದಕ್ಕೇ ನಾನು ಬೆಳಗಿನ ಐದಕ್ಕೆ ಶುರು ಮಾಡುತ್ತೇನೆ.

ನಡುವೆ ಕರೆಂಟ್ ಹೋದರೆ? ಮುಚ್ಚಳ ತೆರೆಯಬೇಡಿ, ಇಣುಕಲೂಬೇಡಿ. ಏರುವ ಹಂತದಲ್ಲಿದ್ದರೆ, ಕರೆಂಟ್ ಬಂದ ಮೇಲೆ ಈಗ ಒಳಗೆ ಎಷ್ಟು ಡಿಗ್ರಿ ಇದೆಯೋ ಅಲ್ಲಿಂದ ನಿಧಾನವಾಗಿ ಮತ್ತೆ ಏರಿಸಿ. ಆರುವ ಹಂತದಲ್ಲಿದ್ದು ಶಾಖ ಜಾಸ್ತಿ ಇಳಿದಿದ್ದರೆ, ನಿಧಾನವಾಗಿ 550ಕ್ಕೆ ವಾಪಸ್ ಒಯ್ದು ಆರಿಸುವ ಹಂತವನ್ನು (ಕೆಳಗಿನ ಶಾಖದ ಲೆಕ್ಕದಲ್ಲಿ ನಾಲ್ಕು ಮತ್ತು ಐದನೆಯದು) ಮೊದಲಿನಿಂದ ಮಾಡಿ. ಬಹಳಷ್ಟು ಸಲ ಗಾಜು ಉಳಿಯುತ್ತದೆ.

ತೊಳೆಯುವುದು, ಜೋಡಿಸುವುದು

ಕಟ್ಟರಿಗೆ ಹಚ್ಚಿದ ಸೀಮೆಎಣ್ಣೆ, ಬೆರಳಿನ ಜಿಡ್ಡು, ಅದಿರಿನ ಲಾರಿ ಓಡಾಡುವ ರಸ್ತೆಯ ಕೆಂಧೂಳು, ಇವೆಲ್ಲ ಗಾಜಿನ ಮೇಲೆ ಉಳಿದರೆ ಬಿಸಿಯಲ್ಲಿ ಅಲ್ಲೇ ಮಸುಕು ಹುಟ್ಟುತ್ತದೆ. ಪಾತ್ರೆ ಸೋಪಿನಲ್ಲಿ ತೊಳೆಯಿರಿ. ಕೊನೆಯ ನೀರು ಮಾತ್ರ ಬೋರಿನದು ಬೇಡ, ಕ್ಯಾನ್ ನೀರು ಬಳಸಿ. ಬೋರ್ ನೀರು ಒಣಗಿದ ಮೇಲೆ ಬಿಳಿ ಉಪ್ಪಿನ ಕಲೆ ಬಿಡುತ್ತದಲ್ಲ, ಅದು ಕರಗಿ ಹೋಗುವುದಿಲ್ಲ. ಶುದ್ಧ ಹತ್ತಿ ಬಟ್ಟೆಯಿಂದ ಒರೆಸಿ, ಆಮೇಲೆ ಅಂಚು ಹಿಡಿದೇ ಎತ್ತಿ.

ಭಟ್ಟಿಯ ಶೆಲ್ಫಿಗೆ, ಅಂದರೆ ಒಳಗೆ ಗಾಜು ಇಡುವ ಹಲಗೆಗೆ, ಗಾಜು ಅಂಟದಂತೆ ಕಿಲ್ನ್ ವಾಶ್ ಬಳಿಯಬೇಕು. ಅಲ್ಯೂಮಿನಾ ಮತ್ತು ಚೀನಾ ಮಣ್ಣು ಸೇರಿದ ಬಿಳಿ ಪುಡಿ ಅದು. ನೀರಲ್ಲಿ ತೆಳ್ಳಗೆ ಕಲಸಿ, ಮೆತ್ತನೆ ಅಗಲ ಬ್ರಷ್ಷಿನಿಂದ ನಾಲ್ಕೈದು ಸಲ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಳಿಯಿರಿ. ಪೂರ್ತಿ ಒಣಗಲಿ. ತೇವ ಉಳಿದರೆ ಆವಿ ಎದ್ದು ಗಾಜಿನ ಕೆಳಗೆ ದೊಡ್ಡ ಗುಳ್ಳೆ ಎಬ್ಬಿಸುತ್ತದೆ. ಒಮ್ಮೆ ಪೂರ್ತಿ ಬೆಸೆದ ಮೇಲೆ ಹಳೆಯ ಬಳಿತ ಕೆರೆದು ಹೊಸದಾಗಿ ಬಳಿಯಬೇಕು, ಇಲ್ಲದಿದ್ದರೆ ಗಾಜಿನ ಬೆನ್ನಿಗೆ ಅಂಟುತ್ತದೆ. ಪುಡಿ ಕಲಸುವಾಗ, ಕೆರೆಯುವಾಗ ಎನ್‌95 ಮಾಸ್ಕ್ ಹಾಕಿಕೊಳ್ಳಿ. ಈ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಕರಗಿದ ಗಾಜಿಗೆ ಸುಮಾರು 6 ಮಿ.ಮೀ. ದಪ್ಪ ಇಷ್ಟ. ಅದಕ್ಕಿಂತ ತೆಳುವಾದರೆ ಒಳಗೆ ಮುದುಡಿ ಅಂಚು ಮುಳ್ಳುಮುಳ್ಳಾಗುತ್ತದೆ, ದಪ್ಪವಾದರೆ ಹೊರಗೆ ಹರಡುತ್ತದೆ. 4 ಮಿ.ಮೀ.ನ ಎರಡು ಪದರ ಸೇರಿದರೆ 8. ಸ್ವಲ್ಪ ಹರಡುತ್ತದೆ, ಸುತ್ತ ಒಂದೆರಡು ಸೆಂ.ಮೀ. ಜಾಗ ಬಿಡಿ.

ಬಣ್ಣಕ್ಕೆ ಏನು? ಕಿಟಕಿ ಗಾಜಿಗೆ ಹೊಂದುವ ಎನಾಮೆಲ್ ಪುಡಿ (ಬಿಸಿಗೆ ಕರಗಿ ಗಾಜಿಗೆ ಅಂಟುವ ಬಣ್ಣ) ಸಿಗುತ್ತದೆ. ನನಗೆ ಇಷ್ಟವಾದದ್ದು ತೆಳು ತಾಮ್ರದ ಹಾಳೆ. ಎಲೆ, ಮೀನು, ನವಿಲು, ಏನು ಬೇಕೋ ಕತ್ತರಿಸಿ ಎರಡು ಗಾಜಿನ ನಡುವೆ ಇಡಿ. ಒಳಗೆ ಎಷ್ಟು ಗಾಳಿ ತಾಗಿತೋ ಅದರ ಮೇಲೆ ತಾಮ್ರ ಒಂದು ಕಡೆ ಕಡುಗೆಂಪು, ಒಂದು ಕಡೆ ನೀಲಿಹಸಿರು ಆಗುತ್ತದೆ. ನನ್ನ ಒಂದು ಬೇವಿನೆಲೆಯ ನಡುನರ ಕೆಂಪಾಗಿ ಉಳಿದು, ಅಂಚಿನ ಹಲ್ಲುಗಳಷ್ಟೇ ಹಸಿರಾಗಿದ್ದವು. ಬೇಕೆಂದು ಮಾಡಿದರೂ ಅಷ್ಟು ಸರಿಯಾಗಿ ಬರುತ್ತಿರಲಿಲ್ಲ.

ಶಾಖದ ಲೆಕ್ಕ

4 ಮಿ.ಮೀ. ಕಿಟಕಿ ಗಾಜಿನ ಎರಡು ಪದರ, ಒಂದು ಗೇಣಗಲದ ಫಲಕ ಅಂತಿಟ್ಟುಕೊಳ್ಳಿ. ನಾನು ಹಾಕುವ ಲೆಕ್ಕ ಹೀಗೆ. ನಿಮ್ಮ ಭಟ್ಟಿಗೆ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಆಗಬಹುದು.

1. ಗಂಟೆಗೆ 150 ಡಿಗ್ರಿಯಂತೆ 540ಕ್ಕೆ ಏರಿಸಿ, 20 ನಿಮಿಷ ನಿಲ್ಲಿಸಿ. ಗಾಜು ಇನ್ನೂ ಗಟ್ಟಿ ಇರುವ ಹಂತ ಇದು, ಅವಸರ ಮಾಡಿದರೆ ಒಡೆಯುತ್ತದೆ.

2. ಗಂಟೆಗೆ 90ರಂತೆ 670ಕ್ಕೆ ಏರಿಸಿ, 45 ನಿಮಿಷ ನಿಲ್ಲಿಸಿ. ಮೇಲಿನ ಗಾಜು ಮೆತ್ತಗಾಗಿ ಕೆಳಗಿನದರ ಮೇಲೆ ನಿಧಾನ ಕೂರುತ್ತದೆ, ನಡುವಿನ ಗಾಳಿ ಅಂಚಿನಿಂದ ಹೊರಗೆ ಹೋಗುತ್ತದೆ.

3. ಗಂಟೆಗೆ 250ರಂತೆ 830ಕ್ಕೆ ಏರಿಸಿ, 10 ನಿಮಿಷ ನಿಲ್ಲಿಸಿ. ಎರಡು ಪದರ ಒಂದಾಗಿ ಅಂಚು ದುಂಡಗಾಗುತ್ತದೆ. ಪದರಗಳು ಅಂಟಿದರೆ ಸಾಕು, ಉಬ್ಬುತಗ್ಗು ಹಾಗೇ ಇರಲಿ ಅನ್ನುವುದಾದರೆ 780ರ ಹತ್ತಿರ ನಿಲ್ಲಿಸಿ.

4. ಆದಷ್ಟು ಬೇಗ 550ಕ್ಕೆ ಇಳಿಯಲಿ. ಅಲ್ಲಿ ಒಂದೂವರೆ ಗಂಟೆ ನಿಲ್ಲಿಸಿ.

5. ಗಂಟೆಗೆ 60ರಂತೆ 430ರವರೆಗೆ, ಆಮೇಲೆ 100ರಂತೆ 300ರವರೆಗೆ ಇಳಿಸಿ. ಅಲ್ಲಿಂದ ಮುಚ್ಚಳ ಮುಚ್ಚಿಯೇ ತಾನಾಗಿ ಆರಲಿ.

ನಾಲ್ಕು ಮತ್ತು ಐದನೇ ಹಂತಕ್ಕೆ ಅನೀಲಿಂಗ್ ಅನ್ನುತ್ತಾರೆ. ಹೊಸಬರು ಕದಿಯುವ ಹೊತ್ತೆಲ್ಲ ಇಲ್ಲೇ. ಗಾಜು ಆರುವಾಗ ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಡಲು ಇನ್ನೂ ಬಿಸಿ ಇರುತ್ತದೆ. ಒಡಲು ಕುಗ್ಗಲು ಹೋದಾಗ ಹೊರಮೈ ಬಿಡುವುದಿಲ್ಲ. ಆ ಜಗ್ಗಾಟ ಗಾಜಿನೊಳಗೇ ಉಳಿದುಬಿಡುತ್ತದೆ. 550ರಲ್ಲಿ ನಿಲ್ಲಿಸಿದರೆ ಒಳಗೂ ಹೊರಗೂ ಒಂದೇ ಶಾಖ ಬಂದು ಜಗ್ಗಾಟ ಸಡಿಲವಾಗುತ್ತದೆ. ದಪ್ಪ ಹೆಚ್ಚಿದಂತೆ ಈ ಹೊತ್ತೂ ಹೆಚ್ಚಬೇಕು. ಕಲೆಗೆಂದೇ ಬರುವ 90, 96ರ ಗಾಜಿಗೆ ಈ ಡಿಗ್ರಿಗಳೆಲ್ಲ ಕಡಿಮೆ. ಅವು 800ರ ಆಸುಪಾಸಿನಲ್ಲೇ ಪೂರ್ತಿ ಬೆಸೆಯುತ್ತವೆ, ಸುಮಾರು 480ರಿಂದ 510ರಲ್ಲಿ ಆರಿಸಬೇಕು. ತಯಾರಕರು ಕೊಟ್ಟ ಲೆಕ್ಕವನ್ನೇ ಹಿಡಿಯಿರಿ.

ಬಳ್ಳಾರಿಯ ಏಪ್ರಿಲ್, ಮೇನಲ್ಲಿ ಕೋಣೆಯೇ 40 ಡಿಗ್ರಿ ಇರುತ್ತದೆ. ಭಟ್ಟಿ 50ಕ್ಕೆ ಇಳಿಯಲು ಬೆಳಗಾಗುತ್ತದೆ. ಸುಮ್ನೆ ಮಲಗಿಬಿಡಿ.

ಬಿರುಕು ಓದುವುದು

ಒಡೆದ ಫಲಕ ಕೈಗೆ ಬಂದರೆ ಮೊದಲು ಬಿರುಕಿನ ಅಂಚು ನೋಡಿ. ಸವರಿ ನೋಡಬೇಡಿ, ಬೆಳಕಿಗೆ ಹಿಡಿದು ನೋಡಿ.

ಅಂಚು ಸವೆದ ಸೋಪಿನಂತೆ ದುಂಡಗಿದೆಯಾ? ಹಾಗಾದರೆ ಗಾಜು ಏರುವಾಗಲೇ ಒಡೆದಿದೆ. ಆಮೇಲಿನ ಶಾಖ ಅಂಚನ್ನು ಕರಗಿಸಿದೆ. ಮುಂದಿನ ಸಲ ಮೊದಲ ಹಂತ ಗಂಟೆಗೆ 100ಕ್ಕೆ ಇಳಿಸಿ.

ಅಂಚು ಚಾಕುವಿನಂತೆ ಚೂಪಾಗಿದೆಯಾ? ಆರುವಾಗ ಅಥವಾ ಆರಿದ ಮೇಲೆ ಒಡೆದಿದೆ. ಈಗ ಬಿರುಕಿನ ದಾರಿ ನೋಡಿ. ಹಾವು ಹರಿದಂತೆ ಬಳುಕಿ ಇಡೀ ಫಲಕ ದಾಟಿದ್ದರೆ ಅನೀಲಿಂಗ್ ಸಾಲದಾಗಿದೆ. ಬಣ್ಣದ ತುಂಡಿನ ಅಂಚನ್ನೇ ಹಿಡಿದು ಹೋಗಿದ್ದರೆ ಎರಡು ಗಾಜು ಹೊಂದಿಲ್ಲ. ಇದಕ್ಕೆ ಎಷ್ಟು ನಿಧಾನ ಆರಿಸಿದರೂ ಉಪಯೋಗವಿಲ್ಲ. ನನ್ನ ಬಳೆ ಫಲಕವನ್ನು ಎರಡನೇ ಸಲ ಇನ್ನೂ ನಿಧಾನವಾಗಿ ಆರಿಸಿ ಮಾಡಿದ್ದೆ, ಅದೂ ಅದೇ ದಾರಿಯಲ್ಲಿ ಒಡೆಯಿತು.

ಒಡೆಯುವ ಮೊದಲೇ ತಿಳಿಯಲು ಒಂದು ಉಪಾಯ ಇದೆ. ಲ್ಯಾಪ್‌ಟಾಪ್ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅದರ ಮುಂದೆ ಗಾಜು ಹಿಡಿಯಿರಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ, ಅದರ ಮೂಲಕ ಗಾಜನ್ನು ನೋಡಿ. ಬಣ್ಣದ ತುಂಡಿನ ಸುತ್ತ ಬೆಳ್ಳಗೆ ಬೆಳಕಿನ ಬಳೆ ಕಂಡರೆ ಅಲ್ಲಿ ಜಗ್ಗಾಟ ಇದೆ. ಹೊಸ ಬಣ್ಣ ಯಾವುದೇ ಇರಲಿ, ಮೊದಲು ಪಟ್ಟಿ ಗಾಜಿನ ಮೇಲೆ ಚೂರು ಬೆಸೆದು ಹೀಗೆ ನೋಡಿಯೇ ದೊಡ್ಡ ಫಲಕಕ್ಕೆ ಹಾಕಿ.

ಉಳಿದ ತೊಂದರೆಗಳು

ಮೇಲ್ಮೈ ಮಬ್ಬಾಗಿ ಒರಟಾಗಿದ್ದರೆ ಗಾಜು ಹರಳುಗಟ್ಟಿದೆ. ಸಕ್ಕರೆ ಪಾಕದಲ್ಲಿ ಒಂದು ಕಸ ಬಿದ್ದರೆ ಅದರ ಸುತ್ತ ಹರಳು ಕಟ್ಟುತ್ತದಲ್ವಾ, ಹಾಗೆಯೇ. ಕೊಳೆ, ಧೂಳು, 700ರ ಮೇಲೆ ಜಾಸ್ತಿ ಹೊತ್ತು ನಿಂತದ್ದು ಇದಕ್ಕೆ ಕಾರಣ. ಮೇಲ್ಮೈಯನ್ನು ನೀರು ಹಾಕಿ ಉಜ್ಜಿ ತೆಗೆದು, ಚೆನ್ನಾಗಿ ತೊಳೆದು ಮತ್ತೆ ಬೆಸೆದರೆ ಹೊಳಪು ಬರಬಹುದು.

ನಡುವೆ ದೊಡ್ಡ ಗುಳ್ಳೆ ಬಂದರೆ ಎರಡನೇ ಹಂತದಲ್ಲಿ ಇನ್ನೂ ಹೊತ್ತು ನಿಲ್ಲಿಸಿ. ಶೆಲ್ಫ್ ನಡುವೆ ತಗ್ಗಾಗಿದೆಯಾ ಎಂದು ಸ್ಕೇಲ್ ಇಟ್ಟು ನೋಡಿ. ಬೆನ್ನಿಗೆ ಬಿಳಿ ಅಂಟಿದ್ದರೆ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ ಉಜ್ಜಿ. ಅಂಚು ಮುಳ್ಳಾಗಿದ್ದರೆ ಡೈಮಂಡ್ ಕಲ್ಲಿನಿಂದ ನೀರು ಹಾಕುತ್ತ ಉಜ್ಜಿ, ಒಣಗಿಸಿ ಉಜ್ಜಬೇಡಿ.

ಬಟ್ಟಲು ಮಾಡುವುದು

ಬೆಸೆದ ಫಲಕವನ್ನು ಬಟ್ಟಲು ಮಾಡಲು ಎರಡನೇ ಸಲ ಭಟ್ಟಿಗಿಡಬೇಕು. ಅಚ್ಚಿಗೆ ಹೂಕುಂಡದ ಕೆಳಗಿಡುವ ಸಾದಾ ಮಣ್ಣಿನ ತಟ್ಟೆ ಸಾಕು. ಹೊಳಪಿನ ಲೇಪ ಇರಬಾರದು. ಗಾಳಿ ಹೋಗಲು ತಳದಲ್ಲಿ ಎರಡು ತೂತು ಕೊರೆದು, ಕಿಲ್ನ್ ವಾಶ್ ಬಳಿಯಿರಿ. ಸ್ಟೀಲ್ ಬಟ್ಟಲಿನ ಒಳಗೆ ಮಾತ್ರ ಗಾಜು ಇಳಿಸಬೇಡಿ. ಆರುವಾಗ ಸ್ಟೀಲ್ ಗಾಜಿಗಿಂತ ಜಾಸ್ತಿ ಕುಗ್ಗಿ ಗಾಜನ್ನು ಹಿಂಡುತ್ತದೆ. ಬೋರಲು ಹಾಕಿದ ಸ್ಟೀಲ್ ಬಟ್ಟಲಿನ ಹೊರಮೈ ಮೇಲೆ ಇಳಿಸಿದರೆ ತೊಂದರೆ ಇಲ್ಲ.

ಫಲಕ ಈಗ ಒಂದೇ ದಪ್ಪ ತುಂಡು, ಹಾಗಾಗಿ ಏರುವ ವೇಗ ಗಂಟೆಗೆ 80 ಸಾಕು. ಕಿಟಕಿ ಗಾಜು 700 ತಲುಪುವ ಮೊದಲೇ ಬಾಗಲು ಶುರುಮಾಡುತ್ತದೆ. ಆಗ ಭಟ್ಟಿಯ ಪಕ್ಕದಿಂದ ಕದಲಬೇಡಿ. ಬಣ್ಣದ ಸುರಕ್ಷಾ ಕನ್ನಡಕ, ದಪ್ಪ ಗ್ಲೌಸ್ ಹಾಕಿಕೊಂಡು, ಇಣುಕು ಕಿಂಡಿಯಿಂದ ಐದು ನಿಮಿಷಕ್ಕೊಮ್ಮೆ ನೋಡಿ. ಮೊದಲು ನಡು ಹೊಟ್ಟೆಯಂತೆ ಇಳಿಯುತ್ತದೆ, ಆಮೇಲೆ ಅಂಚು ನಿಧಾನ ಹಿಂಬಾಲಿಸುತ್ತದೆ, ಕೊನೆಗೆ ತಳ ಅಚ್ಚಿಗೆ ತಾಗುತ್ತದೆ. ತಾಗಿದ ಕೂಡಲೇ 550ಕ್ಕೆ ಇಳಿಸಿ, ಮತ್ತೆ ಒಂದೂವರೆ ಗಂಟೆ. ತಾಮ್ರ, ಎನಾಮೆಲ್ ಇರುವ ಬಟ್ಟಲಲ್ಲಿ ಊಟ ಹಾಕಬೇಡಿ, ಹೂವಿಗೋ ಕೀಲಿಕೈಗೋ ಇಡಿ.