ಪ್ಯಾಕೇಜಿನ ಅಂಕಿಯನ್ನು ಓದುವ ಕ್ರಮ: ಎರಡು ವಿಶ್ವವಿದ್ಯಾಲಯಗಳ ಪದವೀಧರರ ಮೊದಲ ಸಂಬಳವನ್ನು ಹೋಲಿಸುವುದು ಹೇಗೆ

ಮೇ ತಿಂಗಳು ಕಾಲಿಟ್ಟರೆ ಸಾಕು, ಬಳ್ಳಾರಿ ಮತ್ತು ರಾಯಚೂರಿನ ವೃತ್ತಗಳಲ್ಲಿ ಬಿಸಿಲಿನ ಜೊತೆಗೆ ಕಾಲೇಜುಗಳ ಫ್ಲೆಕ್ಸ್‌ಗಳೂ ಏರುತ್ತವೆ. ‘ಶೇ 100 ಪ್ಲೇಸ್‌ಮೆಂಟ್’ ಎಂದು ಒಂದು, ‘ಅತ್ಯಧಿಕ ಪ್ಯಾಕೇಜ್ 18 ಲಕ್ಷ’ ಎಂದು ಇನ್ನೊಂದು. ಸಿಂಧನೂರಿನಲ್ಲಿರುವ ನನ್ನ ತಂಗಿಯ ಮಗಳು ಬಿ.ಕಾಂ. ಮುಗಿಸಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆದ ಮೇಲೆ ಎರಡು ವಿಶ್ವವಿದ್ಯಾಲಯಗಳ ಪ್ರಾಸ್ಪೆಕ್ಟಸ್ ತಂದು ನನ್ನ ಮುಂದಿಟ್ಟು, “ಮಾಮಾ, ಎಲ್ಲಿ ಎಂಬಿಎ ಮಾಡಿದರ ಮೊದಲನೇ ಪಗಾರ ಜಾಸ್ತಿ ಬರತೈತಿ, ನೀವ ಹೇಳ್ರಿ” ಎಂದಳು. ನೇರವಾಗಿ ಉತ್ತರಿಸಲು ನನಗೆ ಆಗಲಿಲ್ಲ. ಆದರೆ ಲೆಕ್ಕಪತ್ರ ಕಲಿಸಿ ಜೀವನ ಸಾಗಿಸಿದವನಾದ್ದರಿಂದ ಉತ್ತರ ಹುಡುಕುವ ದಾರಿಯನ್ನು ಅವಳ ಜೊತೆ ಕುಳಿತು ಮೂರು ವಾರ ನಡೆದು ನೋಡಿದೆ. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಪದವಿ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತದೆ ಎಂಬುದು. ನಮ್ಮ ಭಾಗದಲ್ಲಿ ಇದು ಅಂದುಕೊಂಡಷ್ಟು ಸರಳವಲ್ಲ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಬಳ್ಳಾರಿ, ರಾಯಚೂರು, ಕೊಪ್ಪಳದ ಪದವಿ ಕಾಲೇಜುಗಳೆಲ್ಲ ಅದರ ಅಡಿಯಲ್ಲಿದ್ದವು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಪ್ರಾರಂಭವಾಯಿತು; ಆಮೇಲೆ ರಾಯಚೂರಿಗೆ ಪ್ರತ್ಯೇಕ ವಿಶ್ವವಿದ್ಯಾಲಯ ಬಂತು; 2023ರಲ್ಲಿ ಕೊಪ್ಪಳಕ್ಕೂ ಒಂದು ಬಂತು. ಹೀಗಾಗಿ 2015ರಲ್ಲಿ ಕೊಪ್ಪಳದ ಕಾಲೇಜಿನಲ್ಲಿ ಓದಿದವರ ಕೈಯಲ್ಲಿರುವುದು ಬಳ್ಳಾರಿ ವಿಶ್ವವಿದ್ಯಾಲಯದ ಪದವಿ. ಹತ್ತು ವರ್ಷ ಅನುಭವವಿರುವ ಹಳೆಯ ವಿದ್ಯಾರ್ಥಿಗಳ ಸಂಬಳವನ್ನು ಹಳೆಯ ವಿಶ್ವವಿದ್ಯಾಲಯದ ಖಾತೆಗೂ, ನಿನ್ನೆ ಮೊನ್ನೆ ಹೊರಬಂದವರ ಸಂಬಳವನ್ನು ಹೊಸದರ ಖಾತೆಗೂ ಬರೆದರೆ ಹಳೆಯದು ಗೆದ್ದೇ ಗೆಲ್ಲುತ್ತದೆ. ಅದು ವಯಸ್ಸಿನ ಗೆಲುವೇ ಹೊರತು ವಿಶ್ವವಿದ್ಯಾಲಯದ ಗೆಲುವಲ್ಲ. ಎಂಜಿನಿಯರಿಂಗ್‌ನ ಸಂಗತಿಯೇ ಬೇರೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) 1998ರಲ್ಲಿ ಸ್ಥಾಪನೆಯಾದಂದಿನಿಂದ, ಜಿದ್ದಿಗೆ ಬಿದ್ದಂತೆ ಫ್ಲೆಕ್ಸ್ ಕಟ್ಟುವ ಎರಡು ಕಾಲೇಜುಗಳೂ ಅನೇಕ ವೇಳೆ ಅದೇ ಒಂದು ವಿಶ್ವವಿದ್ಯಾಲಯದ ಪದವಿಯನ್ನೇ ಕೊಡುತ್ತವೆ. ಅಲ್ಲಿ ಹೋಲಿಸಬೇಕಾದದ್ದು ಕಾಲೇಜನ್ನು.

ಎರಡನೆಯದಾಗಿ, ಒಂದೇ ಕೋರ್ಸಿಗೆ ಒಂದೇ ಕೋರ್ಸನ್ನು ಜೋಡಿಸಿ ನೋಡಬೇಕು. ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವೀಧರರ ಸರಾಸರಿಯನ್ನು ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳೇ ಹೆಚ್ಚಾಗಿರುವ ವಿಶ್ವವಿದ್ಯಾಲಯದ ಸರಾಸರಿಯೊಂದಿಗೆ ಇಟ್ಟು ನೋಡುವುದೆಂದರೆ, ಹತ್ತಿಯ ಇಳುವರಿಯನ್ನೂ ಜೋಳದ ಇಳುವರಿಯನ್ನೂ ಕ್ವಿಂಟಲ್ ಲೆಕ್ಕದಲ್ಲಿ ತೂಗಿ ಯಾವ ಹೊಲ ಒಳ್ಳೆಯದು ಎಂದು ಕೇಳಿದಂತೆ.

ಇನ್ನು ಮುಖ್ಯ ಭಾಗಕ್ಕೆ ಬರೋಣ. ‘ಶೇ 100’ ಎಂದಾಗ ಯಾರಲ್ಲಿ ನೂರು ಎಂದು ಕೇಳಬೇಕು. ಕಾಲೇಜುಗಳು ಸಾಮಾನ್ಯವಾಗಿ ‘ಅರ್ಹ ವಿದ್ಯಾರ್ಥಿಗಳು’ ಎಂಬ ಮಾತನ್ನು ಬಳಸುತ್ತವೆ. ಶೇ 60 ಅಂಕವಿದ್ದು, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇಲ್ಲದೆ, ಪ್ಲೇಸ್‌ಮೆಂಟ್ ವಿಭಾಗದಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಅರ್ಹರು ಎಂದಾದರೆ, 120 ಜನರ ತರಗತಿಯಲ್ಲಿ 70 ಜನ ಉಳಿಯಬಹುದು. ಅವರಲ್ಲಿ 63 ಜನರಿಗೆ ಕೆಲಸ ಸಿಕ್ಕರೆ ಫ್ಲೆಕ್ಸಿನ ಮೇಲೆ ಶೇ 90 ಎಂದು ಬರುತ್ತದೆ. ತರಗತಿಯ ಲೆಕ್ಕದಲ್ಲಿ ಅದು ಶೇ 52.5 ಮಾತ್ರ. ಒಬ್ಬನಿಗೇ ಮೂರು ಕಂಪನಿಗಳ ಆಫರ್ ಬಂದಾಗ ಮೂರು ಎಂದು ಎಣಿಸುವ ಪದ್ಧತಿಯೂ ಉಂಟು. ಆದ್ದರಿಂದ ‘ಎಷ್ಟು ಆಫರ್ ಬಂದವು’ ಎಂದು ಕೇಳದೆ ‘ಎಷ್ಟು ವಿದ್ಯಾರ್ಥಿಗಳು ಕೆಲಸಕ್ಕೆ ಸೇರಿದರು’ ಎಂದು ಕೇಳಿ.

ಇದಕ್ಕೆ ಕೈಗೆ ಸಿಗುವ ದಾಖಲೆ ಎಂದರೆ ಎನ್‌ಐಆರ್‌ಎಫ್ ವರದಿ. ಕೇಂದ್ರ ಸರ್ಕಾರ 2016ರಿಂದ ಪ್ರಕಟಿಸುತ್ತಿರುವ ಈ ಶ್ರೇಯಾಂಕ ಪಟ್ಟಿಗೆ ಅರ್ಜಿ ಹಾಕುವ ಸಂಸ್ಥೆಗಳು ತಾವು ಸಲ್ಲಿಸಿದ ಮಾಹಿತಿಯನ್ನು ಪಿಡಿಎಫ್ ರೂಪದಲ್ಲಿ ತಮ್ಮ ಜಾಲತಾಣದಲ್ಲಿಯೂ ಹಾಕುತ್ತವೆ. ಸಂಸ್ಥೆಯ ಹೆಸರಿನ ಮುಂದೆ ಎನ್‌ಐಆರ್‌ಎಫ್ ಎಂದು ಸೇರಿಸಿ ಹುಡುಕಿದರೆ ಅದು ಸಿಗುತ್ತದೆ. ಶ್ರೇಯಾಂಕದ ತಂಟೆಗೆ ಹೋಗಬೇಡಿ. ನೇರವಾಗಿ ಪ್ಲೇಸ್‌ಮೆಂಟ್ ಕೋಷ್ಟಕಕ್ಕೆ ಬನ್ನಿ. ಅಲ್ಲಿ ನಿಗದಿತ ಅವಧಿಯಲ್ಲಿ ಪದವಿ ಮುಗಿಸಿದವರು, ಕೆಲಸಕ್ಕೆ ಆಯ್ಕೆಯಾದವರು, ಅವರ ಮಧ್ಯಮ ಸಂಬಳ, ಉನ್ನತ ವ್ಯಾಸಂಗಕ್ಕೆ ಹೋದವರು ಎಂಬ ಕಾಲಂಗಳಿದ್ದು, ಮೂರು ವರ್ಷಗಳ ಅಂಕಿ ಸಾಲಾಗಿ ಇರುತ್ತದೆ. ಅಂಕಿಗಳನ್ನು ಸಂಸ್ಥೆಯೇ ಕೊಟ್ಟಿರುತ್ತದೆ ಎಂಬುದು ನೆನಪಿನಲ್ಲಿರಲಿ. ಮಧ್ಯಮ ಸಂಬಳ ಎಂದರೆ ಎಲ್ಲರನ್ನೂ ಸಂಬಳದ ಏರಿಕೆಯ ಕ್ರಮದಲ್ಲಿ ನಿಲ್ಲಿಸಿದಾಗ ಸರಿಯಾಗಿ ನಡುವೆ ನಿಂತವರ ಸಂಬಳ. 18 ಲಕ್ಷದ ಒಬ್ಬ ಹುಡುಗ ಸರಾಸರಿಯನ್ನು ಎತ್ತಬಲ್ಲನೇ ಹೊರತು ಇದನ್ನು ಅಲುಗಿಸಲಾರ.

ಆದರೆ ಆ ಕಾಲಂನಲ್ಲಿಯೂ ಒಂದು ಕೊರತೆ ಇದೆ. ಅದು ಕೆಲಸ ಸಿಕ್ಕವರ ನಡುವಿನ ಮಧ್ಯಮ; ಸಿಗದವರು ಆ ಸಾಲಿನಲ್ಲಿ ನಿಂತಿರುವುದೇ ಇಲ್ಲ. ನನ್ನ ಸೊಸೆಗೆ ನಾನು ಕಟ್ಟಿ ತೋರಿಸಿದ ಲೆಕ್ಕ ಹೀಗಿತ್ತು. ಎರಡೂ ಕಡೆ 60 ಜನ ಪದವಿ ಮುಗಿಸಿದ್ದಾರೆ, ಎರಡೂ ಕಡೆ 6 ಜನ ಮುಂದೆ ಓದಲು ಹೋಗಿದ್ದಾರೆ ಎಂದಿಟ್ಟುಕೊಳ್ಳಿ. ಉಳಿದ 54 ಜನರಲ್ಲಿ ಮೊದಲನೆಯ ಕಡೆ 30 ಜನರಿಗೆ ಕೆಲಸ ಸಿಕ್ಕಿದೆ, ಮಧ್ಯಮ ಸಂಬಳ 4,20,000 ರೂಪಾಯಿ. ಎರಡನೆಯ ಕಡೆ 48 ಜನರಿಗೆ ಸಿಕ್ಕಿದೆ, ಮಧ್ಯಮ 3,40,000 ರೂಪಾಯಿ. ಮೇಲ್ನೋಟಕ್ಕೆ ಮೊದಲನೆಯದೇ ಮೇಲು. ಈಗ ಕೆಲಸ ಸಿಗದವರಿಗೆ ಸೊನ್ನೆ ಬರೆದು 54 ಜನರನ್ನೂ ಸಾಲಿನಲ್ಲಿ ನಿಲ್ಲಿಸಿ, ನಡುವಿನ 27 ಮತ್ತು 28ನೆಯವರನ್ನು ನೋಡಿ. ಮೊದಲನೆಯ ಕಡೆ 24 ಸೊನ್ನೆಗಳು ಮುಂದೆ ನಿಂತಿರುವುದರಿಂದ, ನಡುವೆ ಸಿಗುವವರು ಕೆಲಸ ಪಡೆದವರಲ್ಲಿ ಕೆಳಗಿನಿಂದ ಮೂರನೆಯ ಮತ್ತು ನಾಲ್ಕನೆಯವರು. ಅವರ ಸಂಬಳ ಎರಡು ಲಕ್ಷದ ಆಸುಪಾಸಿನಲ್ಲಿದ್ದರೂ ಅಚ್ಚರಿಯಿಲ್ಲ. ಎರಡನೆಯ ಕಡೆ ಸೊನ್ನೆಗಳು ಆರೇ ಇರುವುದರಿಂದ ನಡುವಿನವರು ಕೆಳಗಿನಿಂದ 21 ಮತ್ತು 22ನೆಯವರಾಗಿ, 3,40,000ಕ್ಕೆ ತೀರ ಹತ್ತಿರ ಬರುತ್ತಾರೆ. ನಡುಮಟ್ಟದ ವಿದ್ಯಾರ್ಥಿಗೆ ಎರಡನೆಯದೇ ಲೇಸು. ಅವಳು ಈ ಸಾಲನ್ನು ತನ್ನ ಕೈಯಾರೆ ಎರಡು ಸಲ ಬರೆದು ನೋಡಿದ ಮೇಲೆಯೇ ನಂಬಿದಳು.

ಮುಂದಿನದು ಸಿಟಿಸಿ ಎಂಬ ಮಾತು, ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ವರ್ಷಕ್ಕೆ 3,60,000 ಎಂದಾಕ್ಷಣ ಮನೆಯವರು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 30,000 ಎಂದು ನೆಂಟರಿಗೆ ಹೇಳಿಬಿಡುತ್ತಾರೆ. ಆಫರ್ ಲೆಟರಿನ ಕೊನೆಯ ಪುಟದ ಕೋಷ್ಟಕವನ್ನು ಒಮ್ಮೆ ಓದಿ ನೋಡಿ. ಮೂಲವೇತನ ತಿಂಗಳಿಗೆ 15,000 ಎಂದಾದರೆ, ಕಂಪನಿ ತನ್ನ ಪಾಲಿನ ಭವಿಷ್ಯನಿಧಿಯೆಂದು ಕಟ್ಟುವ ಶೇ 12, ಅಂದರೆ ವರ್ಷಕ್ಕೆ 21,600, ಈ ಸಿಟಿಸಿಯ ಒಳಗೇ ಇರುತ್ತದೆ. ಶೇ 4.81ರಂತೆ ಗ್ರಾಚ್ಯುಟಿಗೆ 8,658 ಹೋಗುತ್ತದೆ. ಕೆಲಸ ನೋಡಿ ಕೊಡುವ ವೇರಿಯಬಲ್ ಪೇ 30,000, ಆರೋಗ್ಯ ವಿಮೆಯ ಕಂತು 6,000 ಎಂದು ಇಟ್ಟುಕೊಂಡರೆ ಉಳಿಯುವುದು 2,93,742. ತಿಂಗಳಿಗೆ ಸುಮಾರು 24,480. ಅದರಲ್ಲಿ ನೌಕರನ ಪಾಲಿನ ಭವಿಷ್ಯನಿಧಿ 1,800 ಕಳೆದರೆ ಖಾತೆಗೆ ಬೀಳುವುದು 22,680ರ ಆಸುಪಾಸು. ಭವಿಷ್ಯನಿಧಿ ನಷ್ಟವೇನೂ ಅಲ್ಲ, ಅದು ಅವರದೇ ಹಣ. ಆದರೆ ಒಂದು ಕಡೆ ಸಿಟಿಸಿ, ಇನ್ನೊಂದು ಕಡೆ ಕೈಗೆ ಬಂದದ್ದು ಎಂದು ಹೋಲಿಸಿದರೆ ಲೆಕ್ಕ ಕೆಡುತ್ತದೆ. ಎರಡೂ ಕಡೆ ಒಂದೇ ಅಳತೆ ಇರಲಿ.

ಊರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಳ್ಳಾರಿಯ ಮನೆಯಲ್ಲಿ ಉಂಡು ತೋರಣಗಲ್ಲಿನ ಕಾರ್ಖಾನೆಗೆ ಹೋಗಿಬರುವವರ 20,000, ಬೆಂಗಳೂರಿನಲ್ಲಿ ಪಿಜಿಗೆ ಬಾಡಿಗೆ ಕಟ್ಟಿ ಹಬ್ಬಕ್ಕೊಮ್ಮೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬರುವವರ 25,000ಕ್ಕಿಂತ ಕಡಿಮೆಯೆಂದು ಹೇಳಲು ನನಗೆ ಧೈರ್ಯವಿಲ್ಲ.

ಯಾವ ದಿನದ ಸಂಬಳ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಆಫರ್ ಬಂದು ಎಂಟು ತಿಂಗಳು ಕಾದು ಸೇರಿದವರನ್ನು ನಾನು ಬಲ್ಲೆ. ಪದವಿ ಮುಗಿದ 12ನೆಯ ತಿಂಗಳು ಮತ್ತು 36ನೆಯ ತಿಂಗಳು ಎಂದು ಎರಡು ಗೆರೆ ಎಳೆದುಕೊಳ್ಳುವುದು ಒಳ್ಳೆಯದು. ನಮ್ಮ ಮೂರು ಜಿಲ್ಲೆಗಳಿಗೆ ಇದು ಇನ್ನೂ ಮುಖ್ಯ. ಇಲ್ಲಿ ಪದವಿ ಮುಗಿಸಿದ ಅನೇಕರು ಎರಡು ಮೂರು ವರ್ಷ ಧಾರವಾಡದಲ್ಲೋ ವಿಜಯಪುರದಲ್ಲೋ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾರೆ. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿನಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಮೀಸಲಿರುವಾಗ ಹಾಗೆ ಓದುವುದು ಅವಿವೇಕವೂ ಅಲ್ಲ. ಅವರ ಮೊದಲ ವರ್ಷದ ಗಳಿಕೆ ಸೊನ್ನೆ. ಮೂರನೆಯ ವರ್ಷ ಕೆಲವರದು ತರಗತಿಯಲ್ಲಿಯೇ ಹೆಚ್ಚು. ಇಂಥವರನ್ನು ಪ್ರತ್ಯೇಕ ಸಾಲಿನಲ್ಲಿ ಬರೆದಿಡಿ. 371ಜೆಯ ಅರ್ಹತಾ ಪ್ರಮಾಣಪತ್ರ ಸಿಗುವುದು ಅಭ್ಯರ್ಥಿಗೆ, ಅವರು ಓದಿದ ವಿಶ್ವವಿದ್ಯಾಲಯಕ್ಕೆ ಅಲ್ಲವಾದ್ದರಿಂದ, ಸರ್ಕಾರಿ ನೌಕರಿಯೊಂದೇ ಗುರಿಯಾಗಿರುವವರಿಗೆ ಈ ಹೋಲಿಕೆಯ ಉಪಯೋಗ ಕಡಿಮೆ.

ಒಳಗೆ ಹೋದವರು ಯಾರು ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಒಳ್ಳೆಯ ಬೀಜ ಬಿತ್ತಿದ ಹೊಲದ ಬೆಳೆಯನ್ನು ಪೂರ್ತಿ ಗೊಬ್ಬರದ ಹೆಸರಿಗೆ ಬರೆಯಲಾಗದು. ಅಮೆರಿಕದಲ್ಲಿ ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಸರಾಂತ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಅಷ್ಟು ಹೆಸರಿಲ್ಲದ ಕಾಲೇಜು ಸೇರಿದವರ ಗಳಿಕೆ, ಆ ಹೆಸರಾಂತ ಕಾಲೇಜಿಗೇ ಹೋದವರ ಗಳಿಕೆಗೆ ಹೆಚ್ಚುಕಡಿಮೆ ಸಮನಾಗಿಯೇ ಇತ್ತು. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಮಾತ್ರ ಹೆಸರಾಂತ ಕಾಲೇಜಿನಿಂದ ಲಾಭವಾಗಿತ್ತು. ನಮ್ಮಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿವರ್ಷ ಕಾಲೇಜುವಾರು ಕಟ್ ಆಫ್ ರ‍್ಯಾಂಕ್ ಪ್ರಕಟಿಸುತ್ತದೆ. ಎರಡು ಕಡೆಯ ರ‍್ಯಾಂಕುಗಳ ನಡುವೆ ದೊಡ್ಡ ಅಂತರವಿದ್ದರೆ ಸಂಬಳದ ಅಂತರದಲ್ಲಿ ಒಂದು ಪಾಲು ಅಲ್ಲಿಂದಲೇ ಬಂದದ್ದು ಎಂದು ತಿಳಿಯಬೇಕು. ನಿಮ್ಮ ರ‍್ಯಾಂಕಿಗೆ ಹತ್ತಿರವಿದ್ದು ಒಳಗೆ ಹೋದ ಹಿರಿಯರನ್ನು ಎರಡೂ ಕಡೆ ಹುಡುಕಿ ಕೇಳುವುದು ಇದಕ್ಕಿರುವ ಪರಿಹಾರ.

ಕೇಳುವುದಕ್ಕೂ ಒಂದು ಕ್ರಮ ಬೇಕು. ಪ್ಲೇಸ್‌ಮೆಂಟ್ ಅಧಿಕಾರಿ ಕೊಡುವ ಹತ್ತು ಹೆಸರುಗಳನ್ನು ನಂಬಿ ಕೂರಬೇಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೂ ಒಳ್ಳೆಯ ಸಂಬಳದವರೇ ಮೊದಲು ಉತ್ತರಿಸುತ್ತಾರೆ. ನನ್ನ ಸೊಸೆ ಪರಿಚಯದ ಹಿರಿಯರಿಂದ ಎರಡೂ ಕಡೆಯ ಹಳೆಯ ತರಗತಿಯ ಹಾಜರಿ ಪಟ್ಟಿ ಪಡೆದು, ಪ್ರತಿ ಐದನೆಯ ಹೆಸರಿಗೆ ಗುರುತು ಹಾಕಿ, ಒಂದೊಂದು ಕಡೆಯಿಂದ ಹತ್ತರಂತೆ ಇಪ್ಪತ್ತು ಜನರನ್ನು ಆರಿಸಿಕೊಂಡಳು. ಮೊದಲ ಇಬ್ಬರಿಗೆ “ಪಗಾರ ಎಷ್ಟು” ಎಂದು ಕೇಳಿದ್ದಕ್ಕೆ “ಚಲೋ ಐತಿ” ಎಂಬ ಉತ್ತರವಷ್ಟೇ ಬಂತು. ಆಮೇಲೆ ಪ್ರಶ್ನೆಯನ್ನು ಬದಲಿಸಿದಳು: “ಅಕ್ಕಾ, ಪ್ಯಾಕೇಜ್ ಬ್ಯಾಡ್ರಿ, ಹೋದ ತಿಂಗಳ ಖಾತೆಗೆ ಬಿದ್ದದ್ದು ಸುಮಾರು ಎಷ್ಟು ಅಂತ ಹೇಳ್ರಿ.” ಈ ಪ್ರಶ್ನೆಗೆ ಹೆಚ್ಚಿನವರು ಮರೆಮಾಚದೆ ಹೇಳಿದರು. ಒಬ್ಬರು ಸಂಬಳದ ಚೀಟಿಯ ಫೋಟೋವನ್ನೇ ಕಳುಹಿಸಿದರು. ಗಂಗಾವತಿಯಲ್ಲಿ ಅಪ್ಪನ ಅಕ್ಕಿ ಗಿರಣಿಯ ಲೆಕ್ಕ ನೋಡಿಕೊಳ್ಳುವ ಒಬ್ಬರು ತಮಗೆ ಸಂಬಳವೇ ಇಲ್ಲ ಎಂದು ನಕ್ಕರು. ಅವರನ್ನು ಸೊನ್ನೆ ಎಂದು ಬರೆಯದೆ ‘ಸ್ವಂತ ಉದ್ಯೋಗ’ ಎಂದು ಬರೆದೆವು. ಯಾರ ಹೆಸರನ್ನೂ ಕೋಷ್ಟಕದಲ್ಲಿ ಇಡಲಿಲ್ಲ, ಸಂಖ್ಯೆ ಮಾತ್ರ.

ಒಂದೊಂದು ಕಡೆಯಿಂದ ಹತ್ತೇ ಜನರಿರುವ ಇಷ್ಟು ಚಿಕ್ಕ ಪಟ್ಟಿಯಲ್ಲಿ ಒಬ್ಬಿಬ್ಬರು ಬದಲಾದರೂ ಮಧ್ಯಮ ಸರಿದುಬಿಡುವುದರಿಂದ, ತಿಂಗಳಿಗೆ ಎರಡು ಮೂರು ಸಾವಿರದ ಅಂತರವನ್ನು ಅಂತರವೆಂದು ಎಣಿಸಬೇಡಿ. ಅವಳ ಕೋಷ್ಟಕದಲ್ಲಿ ಬಂದದ್ದು 1,500 ರೂಪಾಯಿಯ ವ್ಯತ್ಯಾಸ. ಒಂದೇ ತರಗತಿಯ ಮೊದಲಿನವರಿಗೂ ಕೊನೆಯವರಿಗೂ ನಡುವಿನದು 19,000. ಆಮೇಲೆ ನಾವು ಎರಡು ವರ್ಷದ ಶುಲ್ಕ, ಹಾಸ್ಟೆಲ್ ಮತ್ತು ಬಸ್ ಖರ್ಚಿಗೆ ಇನ್ನೊಂದು ಕಾಲಂ ಎಳೆದೆವು. ಅವಳ ತೀರ್ಮಾನಕ್ಕೆ ಒದಗಿದ್ದು ಅದೇ ಕಾಲಂ. ಒಂಬತ್ತನೆಯ ಸಾಲಿನ ಹುಡುಗ ಇವತ್ತಿಗೂ ಕರೆ ಎತ್ತಿಲ್ಲ. ಅಲ್ಲಿ ಸೊನ್ನೆಯನ್ನೂ ಬರೆಯದೆ, ಊಹೆಯನ್ನೂ ಬರೆಯದೆ ಖಾಲಿ ಬಿಟ್ಟಿದ್ದಾಳೆ.