‘ಅಂವನಽ ಇರಬೇಕು’ ಅಂದದ್ದು ‘ಅವನೇ’ ಆಗುವ ಪರಿ

ಧಾರವಾಡದಲ್ಲಿ ಕೂತು ಸರಣಿ ಕೊಲೆಗಳ ಸಾಕ್ಷ್ಯಚಿತ್ರಗಳ ಸ್ಕ್ರಿಪ್ಟ್ ತಿದ್ದುವಾಗ ನಾನು ಮೊದಲು ಹಿಡಿಯುವುದು ಕಥೆಯನ್ನಲ್ಲ, ಲೆಕ್ಕವನ್ನು. ಒಟ್ಟು ಎಷ್ಟು ಕೊಲೆ? ಹಾಳೆಯಲ್ಲಿ ನಾಲ್ಕು ಅಂಕಣ: ಬಂಧನದ ದಿನ ಪೊಲೀಸರು ಹೇಳಿದ್ದು, ದೋಷಾರೋಪ ಪಟ್ಟಿಯಲ್ಲಿ ಇದ್ದದ್ದು, ಸೆಷನ್ಸ್ ಕೋರ್ಟಿನಲ್ಲಿ ಸಾಬೀತಾದದ್ದು, ಮೇಲ್ಮನವಿಯ ನಂತರ ಉಳಿದದ್ದು. ನಾಲ್ಕೂ ತಾಳೆಯಾಗುವುದು ಅಪರೂಪ. ನಿರೂಪಣೆಯಲ್ಲಿ ಯಾವ ಅಂಕಿ ಬಂದರೂ ಅದು ಯಾವ ಅಂಕಣದ್ದು ಅನ್ನುವುದು ಅದೇ ವಾಕ್ಯದಲ್ಲಿ ಇರಬೇಕು. ‘ಸೀರಿಯಲ್ ಕಿಲ್ಲರ್’ ಅನ್ನುವ ಅಪರಾಧ ನಮ್ಮ ಕಾನೂನಿನಲ್ಲಿ ಇಲ್ಲ. ಒಂದೊಂದು ಕೊಲೆಯನ್ನೂ ಬೇರೆಬೇರೆಯಾಗಿಯೇ ಸಾಬೀತು ಮಾಡಬೇಕು. ಹೆಣ್ಣುಮಕ್ಕಳಿಗೆ ಸಯನೈಡ್ ಕೊಟ್ಟು ಕೊಂದ ಆರೋಪದ ‘ಸಯನೈಡ್ ಮೋಹನ’ನ ಮೇಲೆ 20 ಪ್ರಕರಣ ನಡೆದವು. 2013ರ ಡಿಸೆಂಬರಿನಲ್ಲಿ ಗಲ್ಲುಶಿಕ್ಷೆಯ ತೀರ್ಪು ಬಂತು, 2017ರಲ್ಲಿ ಹೈಕೋರ್ಟು ಒಂದು ಪ್ರಕರಣದ ಗಲ್ಲನ್ನು ಜೀವಾವಧಿಗೆ ಇಳಿಸಿತು, ಕೊನೆಯ ಪ್ರಕರಣ ಮುಗಿದದ್ದು 2020ರ ಜೂನಿನಲ್ಲಿ. ‘20 ಕೊಲೆ, ಗಲ್ಲು’ ಅಂತ ಒಂದೇ ಉಸಿರಿಗೆ ಹೇಳಿದರೆ ಇದೆಲ್ಲ ನುಂಗಿಹೋಗುತ್ತದೆ.

ಕಾಗದ ಸಿಗುವುದು ಅಷ್ಟೇನೂ ಕಷ್ಟವಲ್ಲ. ಠಾಣೆ, ಎಫ್‌ಐಆರ್ ನಂಬರು, ವರ್ಷ ಗೊತ್ತಿದ್ದರೆ ಕೋರ್ಟುಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಆ ಪ್ರಕರಣದ ಗುರುತು ಸಂಖ್ಯೆ, 16 ಅಕ್ಷರದ ಸಿಎನ್‌ಆರ್, ಸಿಗುತ್ತದೆ. ದೃಢೀಕೃತ ನಕಲು ಬೇಕಾದರೆ, ಕಕ್ಷಿದಾರರಲ್ಲದವರು ಕಾರಣ ತೋರಿಸಿ ಅರ್ಜಿ ಹಾಕಬೇಕು.

ಹೆಚ್ಚು ಹೊತ್ತು ತಿನ್ನುವುದು ತಪ್ಪೊಪ್ಪಿಗೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹಳೆಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 25 ಮತ್ತು 26ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯದು. ಆ ಹೇಳಿಕೆಯಿಂದ ಏನಾದರೂ ವಸ್ತು ಸಿಕ್ಕಿದ್ದರೆ ಅದಕ್ಕೆ ಸಂಬಂಧಿಸಿದಷ್ಟೇ ತುಂಡು ಉಳಿಯುತ್ತದೆ. ಆದರೆ ಪರದೆಯ ಮೇಲೆ ಇಡೀ ಹೇಳಿಕೆ ಹಿನ್ನೆಲೆ ದನಿಯಾಗಿ, ತಬಲಾ ಸಮೇತ ಓಡುತ್ತಿರುತ್ತದೆ! ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟದ್ದಾದರೆ ಸಾಕೇ? ನೋಯ್ಡಾದ ನಿಠಾರಿಯ ಮಕ್ಕಳ ಕೊಲೆ ಪ್ರಕರಣದಲ್ಲಿ ಸುರೀಂದರ್ ಕೋಲಿ ಹಾಗೆ ಒಪ್ಪಿಕೊಂಡದ್ದು 60 ದಿನ ಪೊಲೀಸ್ ಕಸ್ಟಡಿಯಲ್ಲಿದ್ದ ಮೇಲೆ. 2023ರಲ್ಲಿ ಅಲಹಾಬಾದ್ ಹೈಕೋರ್ಟು ಅದನ್ನು ನಂಬಲಿಲ್ಲ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಉಳಿದಿದ್ದ ಒಂದು ಶಿಕ್ಷೆಯನ್ನೂ ರದ್ದು ಮಾಡಿತು. ಅವನನ್ನು ನರಭಕ್ಷಕನೆಂದು ಕರೆದ ಹಳೆಯ ವಿಡಿಯೋಗಳು ಮಾತ್ರ ಹಾಗೇ ಕೂತಿವೆ. ಅದಕ್ಕೇ ಒಪ್ಪಿಗೆ ಇದ್ದಲ್ಲೆಲ್ಲ ಪಕ್ಕದಲ್ಲಿ ಮೂರು ಸಾಲು ಬರೆಯುತ್ತೇನೆ: ಯಾರ ಮುಂದೆ, ಕಸ್ಟಡಿಯ ಎಷ್ಟನೇ ದಿನ, ವಕೀಲರಿದ್ದರೋ ಇಲ್ಲವೋ. ಜೊತೆಗೆ, ಕೊಲೆಯ ದಿನ ಆರೋಪಿ ಎಲ್ಲಿದ್ದ ಎಂಬ ಒಂದು ದಿನಚರಿ ಹಾಳೆ. ಅಮೆರಿಕದ ಹೆನ್ರಿ ಲೀ ಲೂಕಸ್ ನೂರಾರು ಕೊಲೆ ಒಪ್ಪಿಕೊಂಡಿದ್ದ. ಒಂದು ಕೊಲೆಯ ಹೊತ್ತಿಗೆ ಬೇರೆ ರಾಜ್ಯದಲ್ಲಿ ಕೆಲಸಕ್ಕಿದ್ದನೆಂದು ದಾಖಲೆ ತೋರಿಸಿದ್ದರಿಂದ 1998ರಲ್ಲಿ ಅವನ ಮರಣದಂಡನೆ ತಪ್ಪಿತು.

ಇನ್ನು ಭಾಷೆ. ಕಲಘಟಗಿ, ನವಲಗುಂದ ಕಡೆಯ ಸಾಕ್ಷಿಯ ಬಾಯಲ್ಲಿ ಬರುವುದು ಇಂಥ ಮಾತು: “ಹೊತ್ತು ಮುಣಗಿತ್ರೀ. ಅಂವನಽ ಇರಬೇಕು, ಅಂಗಿ ಹಂಗಽ ಕಂಡಂಗಾತು.” ಸ್ಟುಡಿಯೋದಲ್ಲಿ ಇದು “ಸಂಜೆ ಆರೂವರೆಗೆ ಅವನನ್ನೇ ನೋಡಿದೆ” ಆಗುತ್ತದೆ. ‘ಇರಬೇಕು’ ಊಹೆ, ‘ಕಂಡಂಗಾತು’ ಅನುಮಾನ, ಗುರುತು ಹತ್ತಿದ್ದು ಅಂಗಿ ಒಂದೇ, ಆರೂವರೆ ಎಂಬುದು ಹೇಳಿದವಳ ಬಾಯಲ್ಲೇ ಇಲ್ಲ. ಪಾಟೀಸವಾಲಿನಲ್ಲಿ ವಕೀಲರು ಜಗ್ಗುವುದು ಇದೇ ಎಳೆಗಳನ್ನು. ನಾವು ಕತ್ತರಿಸುವುದೂ ಇವನ್ನೇ. ಕನ್ನಡದ ಹೇಳಿಕೆ ಇಂಗ್ಲಿಷ್ ತೀರ್ಪಿಗೆ ಹೋಗಿ ಅಲ್ಲಿಂದ ಮತ್ತೆ ಕನ್ನಡಕ್ಕೆ ಬಂದಿದ್ದರಂತೂ ಅನುಮಾನದ ಪ್ರತ್ಯಯಗಳು ಎರಡು ಸಲ ಉದುರಿರುತ್ತವೆ. ತೀರ್ಪಿನ ಸಾರಾಂಶ ಬಿಟ್ಟು ಮೂಲ ಸಾಕ್ಷಿ ಹೇಳಿಕೆಯನ್ನೇ ತರಿಸುವುದು ಈ ಕಾರಣಕ್ಕೆ. ಸಂದರ್ಶನದ ತುಣುಕಾದರೆ ಟೈಮ್‌ಕೋಡ್ ಜೊತೆ ಅದರ ಹಿಂದಿನ, ಮುಂದಿನ ವಾಕ್ಯವನ್ನೂ ಬರೆದಿಡಬೇಕು. ಎರಡು ಕಡೆಯ ಅರ್ಧರ್ಧ ಮಾತು ಹೊಲಿದು ಒಂದು ಮಾಡಿದ್ದು ಆಗಲೇ ಬಯಲಾಗುವುದು.

ದೃಶ್ಯದ ಪೂರ್ವಗ್ರಹ ಇನ್ನೂ ನಾಜೂಕು. ‘ಅಪರಾಧ ಲೋಕ’ ಅನ್ನುವ ಸಾಲಿಗೆ ಶಾಟ್ ಬೇಕೆಂದು ಹುಬ್ಬಳ್ಳಿ ಸೆಟ್ಲಮೆಂಟಿನ ಓಣಿಗಳನ್ನು ಕತ್ತಲಲ್ಲಿ ತೋರಿಸುವುದು ಸುಲಭದ ಚಾಳಿ. ಆ ಹೆಸರು ಬಂದದ್ದೇ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದ ಬ್ರಿಟಿಷರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಡಿ ಜನರನ್ನು ತಂದು ಬೇಲಿಯೊಳಗೆ ಕೂಡಿಹಾಕಿದ್ದರಿಂದ. ಕಾಯ್ದೆ 1952ರಲ್ಲಿ ಹೋಯಿತು, ಕ್ಯಾಮೆರಾದಿಂದ ಇನ್ನೂ ಹೋಗಿಲ್ಲ. ಪ್ರಕರಣಕ್ಕೆ ಸಂಬಂಧವಿಲ್ಲದ ಊರು, ಓಣಿ, ಜಾತಿ ಬಂದರೆ ನಾನು ಕೆಂಪು ಗೆರೆ ಎಳೆಯುತ್ತೇನೆ, ವಾದ ಬೆಳೆಸುವುದಿಲ್ಲ. ಮರುಚಿತ್ರಣಕ್ಕೂ ಇದೇ ಅಳತೆ: ಮರಣೋತ್ತರ ವರದಿಯಲ್ಲಿ, ಪಂಚನಾಮೆಯಲ್ಲಿ ಇಲ್ಲದ ಚಾಕು, ಕೈ, ಬೆಳಕು ಬೇಡ. ‘ಮರುಚಿತ್ರಣ’ ಎಂಬ ಪಟ್ಟಿ ದೃಶ್ಯ ಮುಗಿಯುವವರೆಗೂ ಮೂಲೆಯಲ್ಲಿ ಇರಲಿ.

ಚಿತ್ರದ ಮೊದಲ ಜೋಡಣೆ, ಅಂದರೆ ರಫ್ ಕಟ್, ಬಂದ ಮೇಲೆ ಸ್ಟಾಪ್‌ವಾಚ್ ಹಿಡಿಯಬೇಕು. ತನಿಖಾಧಿಕಾರಿ, ಆರೋಪಿ, ಸತ್ತವರ ಕಡೆಯವರು, ಬಚಾವಿನ ವಕೀಲರು: ಯಾರಿಗೆ ಎಷ್ಟು ನಿಮಿಷ? ಅಧಿಕಾರಿ ಚೆನ್ನಾಗಿ ಮಾತಾಡುತ್ತಾರೆ, ಕರೆದರೆ ಬರುತ್ತಾರೆ. ಹಾಗಾಗಿ ಚಿತ್ರ ತಾನಾಗಿ ಅವರ ಕಡೆ ವಾಲುತ್ತದೆ. 40 ನಿಮಿಷದಲ್ಲಿ ಒಬ್ಬರದೇ ಮಾತು 13 ದಾಟಿದರೆ ಕಡಿಮೆ ಮಾಡಿಸುತ್ತೇನೆ. ವಕೀಲರು ಕ್ಯಾಮೆರಾ ಮುಂದೆ ಬರಲಿಲ್ಲವೆಂದರೆ ತೀರ್ಪಿನಲ್ಲಿ ದಾಖಲಾದ ಅವರ ವಾದವನ್ನಾದರೂ ಓದಿಸಬೇಕು. ಆಮೇಲೆ ಒಂದು ಸಲ ಸಂಗೀತ ತೆಗೆದು ನೋಡಿ: ಸಾಕ್ಷ್ಯವೆಂದುಕೊಂಡಿದ್ದ ಎಷ್ಟೋ ಕಡೆ ಬರೀ ತಂಬೂರಿ ಇರುತ್ತದೆ.

ಅತ್ಯಾಚಾರವೂ ಸೇರಿದ ಪ್ರಕರಣದಲ್ಲಿ ಸತ್ತವಳ ಹೆಸರು, ಫೋಟೋ, ಮನೆ ಯಾವುದೂ ಬರಕೂಡದು. ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ, ಸಾವಿನ ನಂತರವೂ ಆ ರಕ್ಷಣೆ ಇದೆ.

ಚಿತ್ರ ಬಿಡುಗಡೆಯ ದಿನ ಬೆಳಿಗ್ಗೆ ಪ್ರತಿ ಸಿಎನ್‌ಆರ್ ಮತ್ತೊಮ್ಮೆ ಹಾಕಿ ನೋಡುತ್ತೇನೆ, ಸುಪ್ರೀಂ ಕೋರ್ಟಿನ ಜಾಲತಾಣವನ್ನೂ. ಅತ್ಯಾಚಾರ, ಕೊಲೆಯ ಅಪರಾಧಿ ಉಮೇಶ್ ರೆಡ್ಡಿಯ ಗಲ್ಲನ್ನು 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿತ್ತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವನನ್ನು ಹತ್ತು ವರ್ಷ ಕಾನೂನುಬಾಹಿರವಾಗಿ ಒಂಟಿ ಸೆಲ್ಲಿನಲ್ಲಿ ಇಟ್ಟದ್ದಕ್ಕಾಗಿ 2022ರ ನವೆಂಬರಿನಲ್ಲಿ ಅದೇ ಕೋರ್ಟು ಶಿಕ್ಷೆಯನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು. ಕೊನೆಯ ಕಾರ್ಡಿನಲ್ಲಿ ‘ಇಂಥ ತಾರೀಖಿನವರೆಗಿನ ಕಡತ’ ಅಂತ ಹಾಕಿ, ಆರು ಸೆಕೆಂಡಾದರೂ ನಿಲ್ಲಿಸಿ. ಮೂರೇ ಸೆಕೆಂಡು ಬಿಟ್ಟರೆ ಓದುವಷ್ಟರಲ್ಲಿ ಮುಂದಿನ ವಿಡಿಯೋ ಶುರುವಾಗಿರುತ್ತದೆ.