ಕಾಲೇಜಿನಲ್ಲಿ ಲೈಂಗಿಕ ಕಿರುಕುಳದ ದೂರು: ಬರೆಯೋದು ಹೇಗೆ, ಆಮೇಲೆ ಏನಾಗುತ್ತೆ

"ಎಚ್‌ಒಡಿ ಹತ್ರ ಹೇಳಿದ್ದೀನಿ, ನೋಡ್ತೀನಿ ಅಂದ್ರು." ಎಷ್ಟೋ ದೂರುಗಳು ಇಲ್ಲಿಗೇ ನಿಂತುಹೋಗುತ್ತವೆ. ಬಾಯಲ್ಲಿ ಹೇಳಿದ ಮಾತಿಗೆ ತಾರೀಕು ಇರುವುದಿಲ್ಲ. ಬರೆದು ಕೊಟ್ಟರೆ ಮಾತ್ರ ಕಾಲೇಜಿಗೆ ಗಡುವು ಶುರುವಾಗುತ್ತದೆ. ಅದಕ್ಕೇ ಮೊದಲು ಬರೆಯಿರಿ.

ದೂರು ಕೊಡಬೇಕಾದದ್ದು ಆಂತರಿಕ ದೂರು ಸಮಿತಿಗೆ, ಅಂದರೆ ಐಸಿಸಿಗೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2015ರ ನಿಯಮಗಳ ಪ್ರಕಾರ ಡಿಗ್ರಿ ಕಾಲೇಜುಗಳಲ್ಲಿ ಇದು ಇರಲೇಬೇಕು. ಹಿರಿಯ ಅಧ್ಯಾಪಕಿಯೇ ಅಧ್ಯಕ್ಷೆ, ಅರ್ಧದಷ್ಟಾದರೂ ಹೆಂಗಸರು, ಹೊರಗಿನವರು ಒಬ್ಬರು, ವಿದ್ಯಾರ್ಥಿಗಳ ವಿಷಯವಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು. ಡೀನ್, ವಿಭಾಗದ ಮುಖ್ಯಸ್ಥರಂಥವರು ಇದರಲ್ಲಿ ಕೂರುವ ಹಾಗಿಲ್ಲ. ಹುಡುಗರೂ, ತೃತೀಯ ಲಿಂಗಿಗಳೂ ದೂರು ಕೊಡಬಹುದು. ಹಾಸ್ಟೆಲ್, ಕಾಲೇಜು ಬಸ್ಸು, ಟೂರು, ಇಂಟರ್ನ್‌ಶಿಪ್‌ನಲ್ಲಿ ನಡೆದದ್ದೂ ಲೆಕ್ಕಕ್ಕೆ ಬರುತ್ತದೆ.

ಘಟನೆ ಆದ 3 ತಿಂಗಳೊಳಗೆ ಕೊಡಬೇಕು. ಪದೇ ಪದೇ ಆಗಿದ್ದರೆ ಕೊನೆಯ ಸಲದಿಂದ ಲೆಕ್ಕ. ತಡವಾಗಿದ್ದರೂ ಕೈಬಿಡಬೇಡಿ, ಕಾರಣ ಬರೆದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು.

ಬರೆಯುವಾಗ "ಸರ್ ನನ್ನ ಜೊತೆ ಅಸಭ್ಯವಾಗಿ ನಡೆದುಕೊಂಡರು" ಅಂತ ಒಂದೇ ಸಾಲಿಗೆ ನಿಲ್ಲಿಸಬೇಡಿ. ಹೀಗೆ ಬರೆಯಿರಿ: "ಮಂಗಳವಾರ ಮಧ್ಯಾಹ್ನ ಸುಮಾರು 3 ಗಂಟೆಗೆ ರೆಕಾರ್ಡ್ ಬುಕ್‌ಗೆ ಸಹಿ ಹಾಕಿಸಲು ಕೆಮಿಸ್ಟ್ರಿ ಲ್ಯಾಬ್‌ಗೆ ಹೋದೆ. ಅವರು ಬಾಗಿಲು ಮುಂದೆ ಮಾಡಿ ನನ್ನ ಕೈ ಹಿಡಿದರು. ಬಿಡಿ ಅಂದೆ, ಬಿಡಲಿಲ್ಲ. ಹೊರಗೆ ಬಂದ ತಕ್ಷಣ ಗೆಳತಿಗೆ ಫೋನ್ ಮಾಡಿದೆ." ತಾರೀಕು, ಜಾಗ, ಆಡಿದ ಮಾತು ಇದ್ದ ಹಾಗೇ ಇರಲಿ, ಕೆಟ್ಟ ಮಾತಾದರೂ ಸರಿ. ಮುಜುಗರ ಆಗುತ್ತೆ, ನಿಜ, ಆದರೆ ಆ ಮುಜುಗರ ನೀವು ಹೊರಬೇಕಾದದ್ದಲ್ಲ. ವಾಟ್ಸಾಪ್ ಮೆಸೇಜುಗಳ ಸ್ಕ್ರೀನ್‌ಶಾಟ್ ಜೊತೆಗಿಡಿ, ಮೂಲ ಚಾಟ್ ಅಳಿಸಬೇಡಿ. ಬರೆಯೋಕೆ ಆಗದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಕೆಲಸ.

ಎರಡು ಪ್ರತಿ ಮಾಡಿಸಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಹಾಕಿಕೊಡಲ್ಲ ಅಂದರೆ ಅದೇ ದೂರನ್ನು ಇಮೇಲ್ ಮಾಡಿ.

ಇದಾದ 7 ದಿನದೊಳಗೆ ಸಮಿತಿ ಆರೋಪಿಗೆ ದೂರಿನ ಪ್ರತಿ ಕಳಿಸಬೇಕು, ಅವರು 10 ದಿನದಲ್ಲಿ ಉತ್ತರ ಕೊಡಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವಕೀಲರನ್ನು ಕರೆತರುವಂತಿಲ್ಲ, ಎರಡೂ ಕಡೆಯವರು. ಹೆಸರುಗಳು ಗುಟ್ಟಾಗಿರಬೇಕು.

ಈ ಮೂರು ತಿಂಗಳು ಅದೇ ಮೇಷ್ಟ್ರ ಮುಂದೆ ವೈವಾಗೆ ಕೂರೋದು ಹೇಗೆ? ಕೂರಬೇಕಾಗಿಲ್ಲ. ನಿಮ್ಮ ಪರೀಕ್ಷೆ, ಇಂಟರ್ನಲ್ಸ್ ಅಂಕಗಳಿಂದ ಅವರನ್ನು ದೂರ ಇಡಿ ಅಂತ ಬರೆದು ಕೇಳಿ, ಅದು ನಿಯಮದಲ್ಲೇ ಇದೆ. ನಿಮ್ಮ ಹತ್ತಿರ ಸುಳಿಯದಂತೆ ಆದೇಶ ಕೇಳಬಹುದು, ರಜೆಯನ್ನೂ ಕೇಳಬಹುದು. ಇದನ್ನು ಕೇಳದೆ ಬಿಡುವವರೇ ಜಾಸ್ತಿ, ದಯವಿಟ್ಟು ಕೇಳಿ.

ಈ ನಡುವೆ ಯಾರಾದರೂ ಬಂದು "ರಾಜಿ ಮಾಡ್ಕೊಳಮ್ಮ, ನಿನ್ನ ಭವಿಷ್ಯ ನೋಡ್ಕೋ" ಅನ್ನಬಹುದು. ರಾಜಿ ಬೇಕು ಅಂತ ನೀವೇ ಕೇಳಿದರೆ ಮಾತ್ರ, ಅದೂ ದುಡ್ಡಿನ ಆಧಾರದ ಮೇಲೆ ಆಗುವಂತಿಲ್ಲ. "ಸಾಬೀತಾಗದಿದ್ದರೆ ನಿನಗೇ ಶಿಕ್ಷೆ" ಅಂತಲೂ ಹೆದರಿಸುತ್ತಾರೆ. ಅದು ಸುಳ್ಳು. ಸಾಕ್ಷಿ ಸಾಲದೆ ಹೋದರೆ ಅದು ಸುಳ್ಳು ದೂರು ಆಗುವುದಿಲ್ಲ, ಬೇಕಂತಲೇ ಸುಳ್ಳು ಹೇಳಿದ್ದು ಸಾಬೀತಾಗಬೇಕು.

ವಿಚಾರಣೆ ಮುಗಿದ ಮೇಲೆ ಸಮಿತಿಯ ವರದಿಯ ಪ್ರತಿ ನಿಮಗೂ ಸಿಗಬೇಕು. ಆರೋಪಿ ವಿದ್ಯಾರ್ಥಿಯಾದರೆ ಹಾಸ್ಟೆಲ್, ಸ್ಕಾಲರ್‌ಶಿಪ್ ತಡೆಯುವುದರಿಂದ ಹಿಡಿದು ಕಾಲೇಜಿನಿಂದ ತೆಗೆದುಹಾಕುವ ತನಕ ಶಿಕ್ಷೆ ಇದೆ. ಒಪ್ಪಿಗೆಯಾಗದಿದ್ದರೆ 30 ದಿನದಲ್ಲಿ ಮೇಲ್ಮನವಿ ಹಾಕಿ.

ಪೊಲೀಸ್ ದೂರು ಬೇರೆಯೇ ದಾರಿ, ಎರಡನ್ನೂ ಒಟ್ಟಿಗೆ ಮಾಡಬಹುದು, ಸಮಿತಿಯ ಅನುಮತಿ ಬೇಕಿಲ್ಲ. ಊರಿಗೆ ಬಂದುಬಿಟ್ಟಿದ್ದರೆ ಅಲ್ಲಿನ ಠಾಣೆಯಲ್ಲೇ ಝೀರೋ ಎಫ್‌ಐಆರ್ ಮಾಡಿಸಿ, ಅಂದರೆ ಘಟನೆ ಬೇರೆ ಕಡೆ ಆಗಿದ್ದರೂ ಯಾವ ಠಾಣೆಯಲ್ಲಾದರೂ ದಾಖಲಿಸುವ ದೂರು. ಪಿಯು ಹುಡುಗಿಯರು, ಹುಡುಗರು ಹೆಚ್ಚಿನವರು 18 ತುಂಬದವರು, ಅಲ್ಲಿ ಪೋಕ್ಸೋ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಪಾಡುವ ಕಾಯ್ದೆ ಬರುತ್ತದೆ. ಆಗ ವಿಷಯ ಗೊತ್ತಾದ ಮೇಲೆ ಪ್ರಿನ್ಸಿಪಾಲರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.